ಲ್ಯಾಮಿನೇಶನ್ ಮಾಡಿಸಿದ ಸೆಟಲ್‌ಮೆಂಟ್ ಪತ್ರ

ಬ್ಯಾಂಕ್ ಪರೀಕ್ಷೆಗಳ ಫಲಿತಾಂಶ ಬಂತೆಂದರೆ ಕಲಬುರಗಿಯ ನನ್ನ ಆಫೀಸಿನ ಬೆಂಚು ತುಂಬುತ್ತದೆ. ನನ್ನದು ಟ್ಯಾಕ್ಸ್ ಮತ್ತು ಸಾಲದ ಕಾಗದಪತ್ರದ ಕೆಲಸ. ಬರುವ ಹುಡುಗ ಹುಡುಗಿಯರಿಗೆ ಟ್ಯಾಕ್ಸ್ ಕಟ್ಟುವಷ್ಟು ಸಂಬಳ ಇನ್ನೂ ಬಂದಿರುವುದಿಲ್ಲ. ಅವರ ಪ್ರಶ್ನೆ ಒಂದೇ. "ಸರ್, ನೌಕರಿ ಕೊಡೋರಿಗೆ ನನ್ನ ಸಾಲದ ಉಸಾಬರಿ ಯಾಕ್ರಿ?"

ಪ್ರಶ್ನೆ ತಪ್ಪಲ್ಲ. ಕೇಳುವ ಹೊತ್ತು ಮಾತ್ರ ತಪ್ಪು. ವರ್ಷಗಟ್ಟಲೆ ರೀಸನಿಂಗ್ ಓದುತ್ತಾರೆ, ನೋಟಿಫಿಕೇಶನ್‌ನಲ್ಲಿ ಸಾಲದ ಇತಿಹಾಸದ ಬಗ್ಗೆ ಇರುವ ಅರ್ಧ ಪುಟ ಓದುವುದಿಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಅದನ್ನು ಹಾಕುತ್ತಾ ಬಂದಿದೆ. ಮೊದಲು ಅಲ್ಲಿ ಸಿಬಿಲ್ ಅಂಕ, ಅಂದರೆ ನಮ್ಮ ಸಾಲದ ದಾಖಲೆ ಇಡುವ ಸಂಸ್ಥೆ ಕೊಡುವ ಅಂಕ, ಕನಿಷ್ಠ 650 ಇರಬೇಕು ಅಂತ ಇತ್ತು. ಆಮೇಲೆ ಅದನ್ನು ತೆಗೆದರು. ಈಗ ಕೆಲಸಕ್ಕೆ ಸೇರುವಾಗ ಸಾಲದ ಇತಿಹಾಸ ಚೆನ್ನಾಗಿರಬೇಕು, ಎಷ್ಟು ಅಂಕ ಸಾಕು ಅನ್ನೋದು ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು. 650 ಹೋಯಿತು ಅಂತ ಹುಡುಗರು ಖುಷಿಪಟ್ಟರು. ನನಗೆ ಖುಷಿ ಆಗಲಿಲ್ಲ. ಅಂಕಿ ಇದ್ದಾಗ ಗೆರೆ ಎಲ್ಲಿದೆ ಅಂತಲಾದರೂ ಗೊತ್ತಿರುತ್ತಿತ್ತು.

ನೌಕರಿ ಕೊಡುವವರು ಇದನ್ನು ನೋಡುವುದು ನೀವು ಬಡವರೋ ಶ್ರೀಮಂತರೋ ಅಂತ ತಿಳಿಯಲು ಅಲ್ಲ. ಯಾದಗಿರಿ, ಶಹಾಪುರ ಕಡೆ ಮೈಕ್ರೋಫೈನಾನ್ಸ್ ಹುಡುಗರನ್ನು ನೋಡಿರುತ್ತೀರಿ. ಬೆಳಿಗ್ಗೆ ಬೈಕ್ ಹತ್ತಿ ಊರೂರು ಸುತ್ತಿ, ಸಂಜೆ ಬ್ಯಾಗಿನ ತುಂಬ ಪರರ ದುಡ್ಡು ಹೊತ್ತು ಬರುತ್ತಾರೆ. ಅವನ ಮನೆ ಮುಂದೆಯೇ ವಸೂಲಿಯವರು ನಿಂತಿದ್ದರೆ ಆ ಬ್ಯಾಗಿನ ಮೇಲೆ ಅವನ ಕಣ್ಣು ಬೀಳಬಹುದು ಅನ್ನೋದು ಕಂಪನಿಯ ಅಂಜಿಕೆ. ಇನ್ನೊಂದು, ತಾನೇ ಕಂತು ಕಟ್ಟದವನು ಇನ್ನೊಬ್ಬರ ಬಾಗಿಲಲ್ಲಿ ನಿಂತು ಕಂತು ಕೇಳುವುದು ಹೇಗೆ? ಇದು ಹೊಸ ಯೋಚನೆಯೂ ಅಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೇ ಪದೇ ಪದೇ ಸಾಲದಲ್ಲಿ ಮುಳುಗದಂತೆ ಬದುಕು ನಡೆಸಬೇಕು ಅಂತ ಇದೆ. ಆಗ ಕೇಳಿ ತಿಳಿಯುತ್ತಿದ್ದರು, ಈಗ ಒತ್ತಿದರೆ ಪರದೆ ಮೇಲೆ ಬರುತ್ತದೆ. ಸಾಲ ತೀರಿಸದವನು ಕಳ್ಳನೇ ಆಗಬೇಕೆಂದಿಲ್ಲ, ಮನೆಯಲ್ಲಿ ಕಾಯಿಲೆ ಬಂದರೂ ಕಂತು ತಪ್ಪುತ್ತದೆ. ದುಡ್ಡು ಮುಟ್ಟದ ಕೆಲಸಕ್ಕೂ ಇದನ್ನು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನನ್ನ ಅಭಿಪ್ರಾಯ ತೋರಿಸಿದರೆ ಯಾರೂ ನೇಮಕದ ಆರ್ಡರ್ ಕೊಡುವುದಿಲ್ಲ.

ಈಗ ಅಸಲಿ ಮಾತಿಗೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆಳಂದ ಕಡೆಯ ಒಬ್ಬ ಹುಡುಗ ಬಂದಿದ್ದ. ಕ್ಲರ್ಕ್ ಹುದ್ದೆಗೆ ಆಯ್ಕೆಯಾಗಿದ್ದ. ಫೈಲಿನಿಂದ ಒಂದು ಕಾಗದ ತೆಗೆದು ಟೇಬಲ್ ಮೇಲೆ ಇಟ್ಟ. ಲ್ಯಾಮಿನೇಶನ್ ಮಾಡಿಸಿದ್ದ! ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಹಾಗೆ. "ಸಾಲ ಸೆಟಲ್ ಮಾಡೀನ್ರಿ ಸರ್, ಪತ್ರಾನೂ ಕೊಟ್ಟಾರ. ಎಲ್ಲಾ ಮುಗದದ."

ಮುಗಿದಿರಲಿಲ್ಲ. ಕೋಚಿಂಗ್‌ಗೆ ಬಂದ ಹೊಸದರಲ್ಲಿ ಅವನು 21,000 ರೂಪಾಯಿಯ ಮೊಬೈಲ್ ಕಂತಿನ ಮೇಲೆ ತಗೊಂಡಿದ್ದ. ತಿಂಗಳಿಗೆ 1,750ರಂತೆ 12 ಕಂತು. ಐದು ಕಟ್ಟಿದ, ಆರನೆಯದಕ್ಕೆ ಮನೆಯಿಂದ ದುಡ್ಡು ಬರಲಿಲ್ಲ. ಕೆಲವು ತಿಂಗಳು ಫೋನ್ ಕಾಟ ಆದ ಮೇಲೆ ಒಬ್ಬ ವಸೂಲಿ ಏಜೆಂಟ್, "5,000 ಕೊಡು, ಫೈಲ್ ಮುಚ್ಚಿಬಿಡ್ತೀವಿ" ಅಂದ. ಇವನು ಗೆಳೆಯರ ಹತ್ತಿರ ಕೈಗಡ ತಂದು ಕೊಟ್ಟ. ಬಾಕಿ ಇದ್ದದ್ದು 12,250. ಉಳಿದ 7,250 ಕಂಪನಿ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದನ್ನು ಮರೆಯಲಿಲ್ಲ, ಬರೆದಿಟ್ಟಿತು.

ಅವನ ಸಿಬಿಲ್ ರಿಪೋರ್ಟ್ ಡೌನ್‌ಲೋಡ್ ಮಾಡಿ ಮುಂದಿಟ್ಟೆ. ಅದರಲ್ಲಿ ತಿಂಗಳಿಗೊಂದು ಸಣ್ಣ ಚೌಕ ಇರುತ್ತದೆ, ಎಷ್ಟು ದಿನ ತಡ ಅಂತ ಹೇಳುವುದು. ಮೊದಲ ಐದರಲ್ಲಿ 000. ಆಮೇಲೆ 030, 061, 091. ಕೊನೆಗೆ ಸಾಲದ ಸ್ಥಿತಿ ಅನ್ನುವ ಜಾಗದಲ್ಲಿ 'ಸೆಟಲ್ಡ್'. ಅವನು ಅದನ್ನು ನೋಡಿ, "ನೋಡ್ರಿ ಸರ್, ಅವ್ರೂ ಅದನ್ನೇ ಬರದಾರ" ಅಂದ. ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಪೂರ್ತಿ ತೀರಿಸಿದ ಸಾಲಕ್ಕೆ 'ಕ್ಲೋಸ್ಡ್' ಅಂತ ಬೀಳುತ್ತದೆ. 'ಸೆಟಲ್ಡ್' ಅಂದರೆ ಕೊಡಬೇಕಾದಷ್ಟು ಕೊಡಲಿಲ್ಲ, ಸಿಕ್ಕಷ್ಟೇ ಸಾಕು ಅಂತ ನಾವು ಕೈಬಿಟ್ಟೆವು ಎಂದರ್ಥ. 'ರಿಟನ್ ಆಫ್' ಅಂದರೆ ಬರುವ ಆಸೆಯನ್ನೇ ಲೆಕ್ಕದಿಂದ ತೆಗೆದರು. ನಮ್ಮ ಮನೆಗಳಲ್ಲಿ ಸೆಟಲ್ ಅಂದರೆ ಒಳ್ಳೆಯ ಮಾತು. ಮಗ ಸೆಟಲ್ ಆದ, ಜಗಳ ಸೆಟಲ್ ಆಯಿತು. ಸಾಲದ ಕಾಗದದಲ್ಲಿ ಅದೇ ಪದ ಕಲೆ. ಏಜೆಂಟ್‌ಗೆ ಇದು ಗೊತ್ತಿರುತ್ತದೆ, ಹೇಳುವುದಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಬೇರು ಇದೆ. ತೊಗರಿ ಬೆಳೆಯುವ ಮನೆಗಳಲ್ಲಿ ಸಾಲ ಅಂದರೆ ಬೆಳೆ ಸಾಲ. ಬೆಳೆ ಸಾಲ ಅಂದರೆ ಯಾವತ್ತೋ ಒಂದು ದಿನ ಮನ್ನಾ. 2018ರಲ್ಲಿ ಆಯಿತಲ್ಲ, ಮತ್ತೆ ಆಗುತ್ತದೆ ಅನ್ನುವ ಆಸೆ. ಮಳೆ ನಂಬಿ ಬದುಕುವ ರೈತನ ಆ ಆಸೆಯನ್ನು ನಾನು ಆಡಿಕೊಳ್ಳಲಾರೆ. ಆದರೆ ಮಗ ಅದೇ ಧೈರ್ಯವನ್ನು ಮೊಬೈಲ್ ಕಂತಿಗೆ ಇಟ್ಟುಕೊಂಡರೆ ಹೇಗೆ? ಹಾಗೆಯೇ ಕೆಲವರದು ಸುಮ್ನೆ ಭಯ. "ಅಪ್ಪನ ಬೆಳೆ ಸಾಲ ಬಾಕಿ ಅದ, ನನ್ನ ನೌಕರಿ ಹೋಗ್ತದೇನ್ರಿ?" ಹೋಗುವುದಿಲ್ಲ. ಅಪ್ಪನ ಸಾಲ ಅಪ್ಪನ ರಿಪೋರ್ಟಿನಲ್ಲಿ. ನೀವು ಜೊತೆ ಸಾಲಗಾರರಾಗಿ ಅಥವಾ ಜಾಮೀನಾಗಿ ಸಹಿ ಹಾಕಿದ್ದರೆ ಮಾತ್ರ ಅದು ನಿಮ್ಮದರಲ್ಲೂ ಇಣುಕುತ್ತದೆ. ಸೋದರಮಾವನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ ಮರೆತವರು ಇದ್ದಾರೆ. ಮಾವನಿಗೆ ನೆನಪಿರುವುದಿಲ್ಲ, ಸಿಬಿಲ್‌ಗೆ ಇರುತ್ತದೆ. ಶಿಕ್ಷಣ ಸಾಲ ಬೇರೆ. ಅಲ್ಲಿ ಸಾಲಗಾರ ನೀವೇ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರು. ಆ ಹೊತ್ತಿಗೆ ನೀವಿನ್ನೂ ಕೋಚಿಂಗ್‌ನಲ್ಲಿರುತ್ತೀರಿ. ನೌಕರಿ ಇಲ್ಲದೆ ಕಂತಿಲ್ಲ, ಕಂತು ಕಟ್ಟದೆ ನೌಕರಿ ಕಷ್ಟ. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ. ಬ್ಯಾಂಕಿಗೆ ಮೊದಲೇ ಹೋಗಿ ಅವಧಿ ಹೆಚ್ಚಿಸಲು ಕೇಳಿ. ಕೊಡಲೇಬೇಕೆಂದಿಲ್ಲ, ಆದರೂ ಕಂತು ತಪ್ಪಿ 90 ದಿನ ದಾಟಿ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆದ ಮೇಲೆ ಕೇಳುವುದಕ್ಕಿಂತ ವಾಸಿ.

ಸಾಲವನ್ನೇ ಮಾಡದವರು ಅಂಕ ಇಲ್ಲ ಅಂತ ಗಾಬರಿಯಾಗಿ ಬರುತ್ತಾರೆ. ಇತಿಹಾಸವೇ ಇಲ್ಲದಿರುವುದು ಕೆಟ್ಟ ಇತಿಹಾಸ ಅಲ್ಲ. ಅವರಿಗೆ ಚಹಾ ಕುಡಿಸಿ ಕಳಿಸುತ್ತೇನೆ.

ಆಳಂದದ ಹುಡುಗನಿಗೆ ಹೇಳಿದ್ದು ಇಷ್ಟೇ. ಬಿಟ್ಟುಕೊಟ್ಟ ದುಡ್ಡನ್ನೂ ಕಟ್ಟು. ಏಜೆಂಟ್ ಕೈಗೆ ಅಲ್ಲ, ಕಂಪನಿಯ ಖಾತೆಗೆ. ಬಾಕಿ ಇಲ್ಲ ಅನ್ನುವ ಪತ್ರ ತಗೋ. ಸ್ಥಿತಿಯನ್ನು 'ಕ್ಲೋಸ್ಡ್' ಅಂತ ಬದಲಿಸಲು ಬರೆದು ಕೇಳು. 2025ರ ಜನವರಿಯಿಂದ ಕಂಪನಿಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು. ದೂರು ಕೊಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ರಿಪೋರ್ಟ್ ನೋಡಲು ಯಾರಿಗೂ ದುಡ್ಡು ಕೊಡಬೇಡಿ, ನನಗೂ. ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನಿಮ್ಮದನ್ನು ನೀವು ನೋಡಿದರೆ ಅಂಕ ಇಳಿಯುವುದೂ ಇಲ್ಲ.

ಇಷ್ಟೆಲ್ಲ ಮಾಡಿದರೂ ನೌಕರಿ ಗ್ಯಾರಂಟಿ ಅಂತ ನಾನು ಹೇಳುವುದಿಲ್ಲ. ಸ್ಟೇಟ್ ಬ್ಯಾಂಕಿಗೆ ಅಧಿಕಾರಿಯಾಗಿ ಆಯ್ಕೆಯಾದ ಒಬ್ಬರ ನೇಮಕ ಇದೇ ಕಾರಣಕ್ಕೆ ರದ್ದಾಗಿ ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. ಅರ್ಜಿ ಕರೆಯುವ ಹೊತ್ತಿಗೆ ಸಾಲವೆಲ್ಲ ತೀರಿಸಿದ್ದೆ ಅನ್ನೋದು ಅವರ ವಾದ. 2025ರಲ್ಲಿ ಕೋರ್ಟು ಬ್ಯಾಂಕಿನ ಪರವೇ ನಿಂತಿತು. ಕಂತು ತಪ್ಪಿದ ದಾಖಲೆಯೇ ಇರಬಾರದು ಅನ್ನೋದು ಷರತ್ತು, ಬಾಕಿ ಇರಬಾರದು ಅನ್ನೋದಷ್ಟೇ ಅಲ್ಲ. ಹಾಗಾಗಿ ಯಾವ ಬ್ಯಾಂಕಿಗೆ ಅರ್ಜಿ ಹಾಕುತ್ತೀರೋ ಅದರ ಒಕ್ಕಣೆ ಅಕ್ಷರ ಅಕ್ಷರ ಓದಿ. ಒಂದೊಂದರದು ಒಂದೊಂದು ಥರ.

ಹುಡುಗ ದಂಡ ಸೇರಿ 9,000ದ ಹತ್ತಿರ ಕಟ್ಟಿದ. ಮೂರು ವಾರಕ್ಕೆ ಪತ್ರ ಬಂತು. ಅದನ್ನು ತೋರಿಸಲು ಬಂದವನ ಕೈಯಲ್ಲಿ ಲ್ಯಾಮಿನೇಶನ್ ಅಂಗಡಿಯ ಪ್ಲಾಸ್ಟಿಕ್ ಹಾಳೆ ಇತ್ತು. ಕಸಿದುಕೊಂಡು ಡ್ರಾಯರಿನಲ್ಲಿ ಹಾಕಿದೆ. "ಸೀಲು ಮುಟ್ಟಿ ನೋಡ್ತಾರಪ್ಪ, ಹಂಗೇ ಇರಲಿ."