ಜಂಪ್‌ಸೂಟ್ ಕೂತಾಗ ಯಾಕೆ ಎಳೆಯುತ್ತದೆ?

ಪ್ರಶ್ನೆ: ಎದೆ, ಸೊಂಟ, ಹಿಪ್ ಎಲ್ಲ ಅಳತೆ ನೋಡಿಯೇ ಜಂಪ್‌ಸೂಟ್ (ಟಾಪು, ಪ್ಯಾಂಟು ಒಂದಾಗಿ ಹೊಲಿದ ಉಡುಪು) ತಗೊಂಡೆ. ನಿಂತಾಗ ಸರಿಯಾಗಿದೆ. ಕೂತರೆ ಮಾತ್ರ ಹೆಗಲು ಕೆಳಕ್ಕೆ ಎಳೆಯುತ್ತದೆ, ತೊಡೆಸಂದಿನಲ್ಲಿ ಬಿಗಿಯುತ್ತದೆ. ಒಂದು ಸೈಜ್ ದೊಡ್ಡದು ತಗೊಳ್ಳಬೇಕಿತ್ತಾ?

ಅವಸರ ಮಾಡಬೇಡಿ. ದೊಡ್ಡ ಸೈಜಿನಲ್ಲಿ ಸುತ್ತಳತೆ ಜಾಸ್ತಿಯಾಗುತ್ತದೆ, ಉದ್ದ ಅಷ್ಟಾಗಿ ಹೆಚ್ಚುವುದಿಲ್ಲ. ನಿಮಗೆ ಸಾಲದೆ ಬಂದಿರುವುದು ಹೆಗಲಿನಿಂದ ತೊಡೆಸಂದಿನವರೆಗಿನ ಉದ್ದ. ಎಷ್ಟೋ ಸೈಜ್ ಚಾರ್ಟ್‌ಗಳಲ್ಲಿ ಈ ಅಳತೆ ಇರುವುದೇ ಇಲ್ಲ.

ಒಂದೇ ಎತ್ತರದ ಇಬ್ಬರು ಅಕ್ಕಪಕ್ಕ ಕೂತಾಗ ಒಬ್ಬರು ಎತ್ತರ ಕಾಣುತ್ತಾರೆ, ಅಲ್ವಾ? ಅವರ ಮೈ ಉದ್ದ, ಕಾಲು ಗಿಡ್ಡ. ಟಾಪು, ಪ್ಯಾಂಟು ಬೇರೆ ಬೇರೆ ಹಾಕಿದರೆ ಈ ವ್ಯತ್ಯಾಸ ಸೊಂಟದ ಹತ್ತಿರ ಮುಚ್ಚಿಹೋಗುತ್ತದೆ. ಮೇಲಿಂದ ಕೆಳಗೆ ಒಂದೇ ಬಟ್ಟೆಯಾದಾಗ ಆ ಅವಕಾಶವಿಲ್ಲ. ಕೂತಾಗ, ಬಗ್ಗಿದಾಗ ಬೆನ್ನಿನ ಕಡೆ ಇನ್ನಷ್ಟು ಉದ್ದ ಬೇಕಾಗುತ್ತದೆ, ಅದನ್ನು ಬಟ್ಟೆ ಹೆಗಲಿನಿಂದಲೇ ಎಳೆದುಕೊಳ್ಳುತ್ತದೆ. ಜಂಪ್‌ಸೂಟ್ ಮೊದಲಿಗೆ ವಿಮಾನದಿಂದ ಪ್ಯಾರಾಚೂಟಿನಲ್ಲಿ ಜಿಗಿಯುವವರ ಉಡುಪಾಗಿತ್ತು, ಜಂಪ್ ಅನ್ನೋ ಹೆಸರು ಅಲ್ಲಿಂದಲೇ ಬಂತು. ಕೈಕಾಲು ಆಡಿಸಲು ಅದರಲ್ಲಿ ಧಾರಾಳ ಜಾಗ ಇರುತ್ತಿತ್ತು. ಚೆಂದಕ್ಕೆಂದು ಮೈಗೆ ಅಂಟುವ ಹಾಗೆ ಕತ್ತರಿಸಿದಾಗ ಮೊದಲು ಹೋಗುವುದು ಆ ಜಾಗ.

ಅಳೆಯುವುದು ಸುಲಭ. ಟೇಪಿನ ತುದಿಯನ್ನು ಒಂದು ಹೆಗಲಿನ ನಡುವೆ ಹಿಡಿಯಿರಿ. ಎದೆಯ ಮೇಲಿಂದ ಇಳಿಸಿ, ಕಾಲುಗಳ ನಡುವಿನಿಂದ ತಂದು, ಬೆನ್ನಿನ ಮೇಲೆ ಹತ್ತಿಸಿ ಅದೇ ಹೆಗಲಿಗೆ ಸೇರಿಸಿ. ಒಬ್ಬರೇ ಮಾಡಿದರೆ ಟೇಪು ಬೆನ್ನಲ್ಲಿ ಓರೆಯಾಗುತ್ತದೆ, ಯಾರನ್ನಾದರೂ ಕರೆಯಿರಿ. ಹಿಗ್ಗದ ಬಟ್ಟೆಯಾದರೆ, ಉಡುಪನ್ನೂ ಹೀಗೇ ಹೆಗಲಿನಿಂದ ಹೆಗಲಿಗೆ ಅಳೆದಾಗ ಬರುವ ಉದ್ದ ಇದಕ್ಕಿಂತ ಸುಮಾರು 5 ಸೆಂ.ಮೀ. ಆದರೂ ಜಾಸ್ತಿ ಇರಲಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಉದ್ದದಲ್ಲಿ ಕುಗ್ಗಬಹುದು, ಅದಕ್ಕೂ ಒಂದಿಷ್ಟು ಬಿಡಿ. ಹಾಕಿ ನೋಡುವಾಗ ಕನ್ನಡಿ ಮುಂದೆ ಸುಮ್ನೆ ನಿಂತರೆ ಸಾಲದು. ಕೂತು ನೋಡಿ, ಎರಡೂ ಕೈ ಮೇಲೆತ್ತಿ, ಚಪ್ಪಲಿ ಪಟ್ಟಿ ಹಾಕುವ ಹಾಗೆ ಬಗ್ಗಿ.

ಈಗಾಗಲೇ ಕೊಂಡಿದ್ದನ್ನು ಬಿಸಾಡಬೇಕಿಲ್ಲ. ಹೆಗಲ ಪಟ್ಟಿ ಉದ್ದ ಮಾಡಲು ಬರುತ್ತದಾ ನೋಡಿ. ಇಲ್ಲದಿದ್ದರೆ ಸೊಂಟದ ಹೊಲಿಗೆ ಬಿಚ್ಚಿಸಿ, ನಡುವೆ ಮೂರು ಬೆರಳಗಲದ ಪಟ್ಟಿ ಸೇರಿಸಿ ಹೊಲಿಸಿ. ಬೇರೆ ಬಣ್ಣದ್ದಾದರೂ ನಡೆಯುತ್ತದೆ, ಬೆಲ್ಟಿನ ಹಾಗೇ ಕಾಣುತ್ತದೆ. ನನ್ನ ನೀಲಿ ಜಂಪ್‌ಸೂಟನ್ನು ಹೀಗೇ ಉಳಿಸಿಕೊಂಡೆ. ಉದ್ದ ಜಾಸ್ತಿಯಾಗಿ ಜೋಲುವವರಿಗೆ ಬೆಲ್ಟ್ ಸಾಕು. ಕಟ್ಟಿದ ಮೇಲೆ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆಳೆದು ಬೆಲ್ಟಿನ ಮೇಲೆ ಸಡಿಲವಾಗಿ ಬಿಡಿ.

ಮೇಲೆ ಹಾಕುವ ಜಾಕೆಟ್ ಸೊಂಟಕ್ಕೆ ನಿಲ್ಲುವಂಥದ್ದಾದರೆ ಚೆಂದ. ಡಂಗರೀಸ್ (ಎದೆಯವರೆಗೆ ಬರುವ, ಹೆಗಲ ಪಟ್ಟಿಯಿರುವ ಪ್ಯಾಂಟು) ಒಳಗೆ ಮೈಗಂಟುವ ತೆಳು ಟೀ ಶರ್ಟ್ ಇರಲಿ, ದಪ್ಪದ್ದು ಪಕ್ಕದಲ್ಲಿ ಮುದ್ದೆಯಾಗುತ್ತದೆ.

ಮುಂದಿನ ಸಲ ಗುಂಡಿ, ಜಿಪ್ ಮುಂದಿರುವುದನ್ನೇ ಆರಿಸಿ. ಬೆನ್ನಿನ ಜಿಪ್ ಎಷ್ಟೇ ಚೆನ್ನಾಗಿ ಕಂಡರೂ, ಹೊರಗೆ ಹೋದಾಗ ಇಕ್ಕಟ್ಟಾದ ಬಾತ್‌ರೂಮಿನಲ್ಲಿ ಅದು ಕೈಗೆ ಸಿಗುವುದಿಲ್ಲ.