ವಲಸೆ ಮತ್ತು ವಯಸ್ಸು: ಛೇದ ಮರೆತು ನಾನು ಎಡವಿದ್ದು

ಮಕ್ಕಳು ಹುಟ್ಟೋದು ಕಮ್ಮಿಯಾದ್ರೆ ದೇಶಕ್ಕೆ ಮುಪ್ಪು, ಹೊರಗಿಂದ ಬರೋರು ಹೆಚ್ಚಾಗಿ ಹರೆಯದವ್ರು, ಇದೆಲ್ಲ ಗೊತ್ತಿರೋದೇ ಬಿಡಿ. ನಾನು ಎರಡು ದಿನ ಒದ್ದಾಡಿದ್ದು ಬೇರೆ ಕಡೆ: ಆಗಾಗ ಹೊರಗಿಂದ ಒಂದಷ್ಟು ಹುಡುಗ್ರನ್ನ ಕರೆಸ್ಕೊಂಡ್ರೆ ಮುಪ್ಪಿನ ಸಮಸ್ಯೆ ಮುಗೀತಲ್ವಾ?

ಮುಗಿಯಲ್ಲ. ಸಪೋರ್ಟ್ ರೇಶಿಯೋ ಅಂದ್ರೆ 15–64 ವಯಸ್ಸಿನವ್ರ ಸಂಖ್ಯೆನ 65 ದಾಟಿದವ್ರ ಸಂಖ್ಯೆಯಿಂದ ಭಾಗಿಸೋದು, ಅಂದ್ರೆ ಒಬ್ಬ ವಯಸ್ಸಾದವ್ರಿಗೆ ದುಡಿಯೋ ವಯಸ್ಸಿನವ್ರು ಎಷ್ಟು ಜನ ಅಂತ. ಒಂದೂರಲ್ಲಿ ದುಡಿಯೋರು 100, ವಯಸ್ಸಾದವ್ರು 25, ರೇಶಿಯೋ 4. ದುಡಿಯೋರು 80ಕ್ಕೆ ಇಳಿದ್ರು, 30 ವರ್ಷದ 20 ಜನನ್ನ ಕರೆಸಿದ್ವಿ, ಮತ್ತೆ 4 ಬಂತು. ಈಗ 35 ವರ್ಷ ಮುಂದೆ ಹೋಗಿ (ಊರಿನ 80 ಮತ್ತು 25 ಹಂಗೇ ಇವೆ ಅಂತಿಟ್ಕೊಳ್ಳಿ). ಆ 20 ಜನಕ್ಕೂ 65 ಆಯ್ತು. ನಾನು ಅವ್ರನ್ನ ಅಂಶದಿಂದ (ಮೇಲಿನ ಸಂಖ್ಯೆ) ಕಳೆದು, ಇನ್ನೊಂದು 20 ಸಾಕು ಅಂದ್ಬಿಟ್ಟೆ, ಛೇದಕ್ಕೆ (ಕೆಳಗಿನ ಸಂಖ್ಯೆ) ಸೇರಿಸೋದೇ ಮರೆತೆ! ಕೆಳಗೆ ಈಗ 45 ಇದೆ, 4 ಬೇಕಂದ್ರೆ ಮೇಲೆ 180 ಬೇಕು, ಇರೋದು 80, ಅಂದ್ರೆ ಹೊಸಬ್ರು 100. ಇನ್ನೂ 35 ವರ್ಷ ಬಿಟ್ಟು, ಮೊದಲ 20 ಜನ ತೀರ್ಕೊಂಡಿದಾರೆ ಅಂತ ಬಿಟ್ರೂ, ಕೆಳಗೆ 125, ಮೇಲೆ 500 ಬೇಕು, ಹೊಸಬ್ರು 420. 20, 100, 420. ವಲಸಿಗರ ಮಕ್ಕಳನ್ನ ಸೇರಿಸಿದ್ರೆ ಈ ಅಂಕಿಗಳು ಒಂದಷ್ಟು ಚಿಕ್ಕದಾಗುತ್ವೆ, ಆದ್ರೂ ಸಲದಿಂದ ಸಲಕ್ಕೆ ಏರ್ತಾನೇ ಹೋಗುತ್ವೆ.

2000ದಲ್ಲಿ ವಿಶ್ವಸಂಸ್ಥೆ ವರದಿ ಇದೇ ಲೆಕ್ಕ ಹಾಕಿತ್ತು. ದಕ್ಷಿಣ ಕೊರಿಯಾದ 1995ರ ರೇಶಿಯೋ 2050ರ ತನಕ ಉಳೀಬೇಕಂದ್ರೆ ಸುಮಾರು 510 ಕೋಟಿ ವಲಸಿಗರು ಬೇಕಂತೆ, ಪ್ರಿಂಟ್ ಮಿಸ್ಟೇಕ್ ಅನ್ಕೊಂಡಿದ್ದೆ, ಆಗ ಇಡೀ ಪ್ರಪಂಚದಲ್ಲಿದ್ದಿದ್ದೇ 600 ಕೋಟಿ ಜನ! ಜಪಾನಿಗೆ ಬರೀ ಒಟ್ಟು ಜನಸಂಖ್ಯೆ ಉಳಿಸ್ಕೊಳ್ಳೋಕೆ 1.7 ಕೋಟಿ ಸಾಕು, ರೇಶಿಯೋ ಉಳಿಸೋಕೆ 55 ಕೋಟಿ. ಎರಡು ಬೇರೆ ಪ್ರಶ್ನೆ, ಕಲಸ್ಬೇಡಿ.

ವಲಸೆಯಿಂದ ಮುಪ್ಪು ತಪ್ಪುತ್ತಾ ಅಂತ ನೋಡೋಕೆ ನನ್ನ ಶಾರ್ಟ್‌ಕಟ್: ಆ ದೇಶ ವಲಸಿಗರಿಗೆ ಹಾಸ್ಟೆಲ್ಲಾ, ಮನೆಯಾ? ಹಾಸ್ಟೆಲ್ಲಿಗೆ ವಯಸ್ಸಾಗಲ್ಲ, ಓದು ಮುಗಿದವ್ರು ಖಾಲಿ ಮಾಡ್ತಾರಲ್ಲ; ಮನೇಲಿ ಉಳಿದವ್ರಿಗೆ ಅಲ್ಲೇ ವಯಸ್ಸಾಗುತ್ತೆ. ಪಶ್ಚಿಮ ಜರ್ಮನಿ 1961ರಲ್ಲಿ ಕೆಲಸಗಾರರನ್ನ ಕರೆಸ್ಕೊಳ್ಳೋಕೆ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡಾಗ ಹಾಸ್ಟೆಲ್ ಅನ್ಕೊಂಡಿತ್ತು; 1973ರಲ್ಲಿ ನೇಮಕಾತಿ ನಿಲ್ಸಿದ ಮೇಲೂ ತುಂಬಾ ಜನ ಅಲ್ಲೇ ಉಳಿದ್ರು, ಹೆಂಡ್ತಿ ಮಕ್ಕಳನ್ನ ಕರೆಸ್ಕೊಂಡ್ರು, ಅಲ್ಲೇ ಪೆನ್ಷನ್‌ಗೂ ಬಂದ್ರು. ಗಲ್ಫ್ ಮಾತ್ರ ಪಕ್ಕಾ ಹಾಸ್ಟೆಲ್. ವೀಸಾ ಕೆಲಸಕ್ಕೆ ಅಂಟ್ಕೊಂಡಿರುತ್ತೆ, ಪೌರತ್ವ ಸಿಗೋದು ಹೆಚ್ಚುಕಮ್ಮಿ ಇಲ್ವೇ ಇಲ್ಲ, ಅದಕ್ಕೇ ಕತಾರ್, ಕುವೈತ್‌ನಲ್ಲಿ 65 ದಾಟಿದವ್ರ ಪಾಲು ತೀರಾ ಕಮ್ಮಿ. ಮಂಗಳೂರು, ಉಡುಪಿ ಕಡೆಯಿಂದ ಹೋದವ್ರ ಮುಪ್ಪು ಊರಿನ ಲೆಕ್ಕಕ್ಕೇ ಬೀಳುತ್ತೆ: ಹೋಗುವಾಗ ಅಂಶದಲ್ಲಿ ಒಬ್ಬ ಕಮ್ಮಿ, ವಾಪಸ್ ಬಂದು 65 ಆದಾಗ ಛೇದದಲ್ಲಿ ಒಬ್ಬ ಜಾಸ್ತಿ. ದುಡ್ಡು ಕಳಿಸ್ತಾರಲ್ಲ ಅಂತೀರಾ, ಅದು ಈ ಸೂತ್ರದಲ್ಲಿ ಎಲ್ಲೂ ಇಲ್ಲ.