ದಪ್ಪಗಾದ ನಾಯಿಗೆ ಎಷ್ಟು ಊಟ? ಶೇಕಡಾ ಲೆಕ್ಕದಲ್ಲಿ ನಾನು ಎಡವಿದ ಜಾಗ

ನಾಳೆ ಕ್ಲಿನಿಕ್ಕಿನಲ್ಲಿ ಮತ್ತೆ ಇದೇ ಲೆಕ್ಕ ಕೊಡುತ್ತಾರೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಪಶುವೈದ್ಯರ ಬಳಿ ಸಹಾಯಕರಾಗಲು ಕಲಿಯುತ್ತಿರುವವರಿಗೆ ಇದು ಬೇಕಾಗುತ್ತದೆ. ಮನೆಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಸಾಕಿದವರೂ ಓದಬಹುದು, ಕ್ಯಾಲ್ಕುಲೇಟರ್ ಒಂದು ಪಕ್ಕದಲ್ಲಿರಲಿ.

ಮೊದಲು ಕೈ, ಆಮೇಲೆ ತಕ್ಕಡಿ

ತೂಕ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. 26 ಕೆಜಿ ಅಂದರೆ ಒಂದು ನಾಯಿಗೆ ಸರಿ, ಇನ್ನೊಂದಕ್ಕೆ ಜಾಸ್ತಿ. ಅದಕ್ಕೇ ಬಾಡಿ ಕಂಡಿಷನ್ ಸ್ಕೋರ್ ಅಂತ 1ರಿಂದ 9ರವರೆಗೆ ಅಂಕ ಹಾಕುತ್ತಾರೆ. 1 ಅಂದರೆ ಬರೀ ಮೂಳೆ. 9 ಅಂದರೆ ವಿಪರೀತ ಬೊಜ್ಜು. ನಾಯಿಗೆ 4 ಅಥವಾ 5, ಬೆಕ್ಕಿಗೆ 5 ಇದ್ದರೆ ಒಳ್ಳೆಯದು.

ಈ ಅಂಕ ಕಣ್ಣಿಗಿಂತ ಕೈಗೆ ಚೆನ್ನಾಗಿ ಸಿಗುತ್ತದೆ. ಈಗಲೇ ಮಾಡಿ ನೋಡಿ. ಎಡಗೈ ಮುಷ್ಟಿ ಕಟ್ಟಿ, ಬಲಗೈ ಬೆರಳುಗಳನ್ನು ಗೆಣ್ಣುಗಳ ಮೇಲೆ ಸವರಿ. ಮೂಳೆ ಚುಚ್ಚಿದಂತೆ ಸಿಗುತ್ತದೆ. ಪಕ್ಕೆಲುಬು ಹೀಗೆ ಸಿಕ್ಕರೆ ಪ್ರಾಣಿ ತೀರಾ ಸಣಕಲು. ಈಗ ಮುಷ್ಟಿ ಬಿಚ್ಚಿ, ಕೈ ಚಪ್ಪಟೆ ಮಾಡಿ, ಕೈಯ ಹಿಂಬದಿ ಸವರಿ. ಮೂಳೆ ಗೊತ್ತಾಗುತ್ತದೆ, ಆದರೆ ಮೇಲೊಂದು ತೆಳು ಹೊದಿಕೆ ಇದ್ದಂತೆ. ಇದು ಸರಿಯಾದ ಮೈ. ಕೊನೆಗೆ ಅಂಗೈ ಮೇಲೆ ಮಾಡಿ, ಬೆರಳು ಶುರುವಾಗುವ ಕಡೆ ಸವರಿ. ಒತ್ತಿದರೆ ಮಾತ್ರ ಮೂಳೆ ಸಿಗುತ್ತದೆ, ಅಲ್ವಾ? ಪಕ್ಕೆಲುಬು ಹೀಗಿದ್ದರೆ ಕೊಬ್ಬು ಜಾಸ್ತಿ.

ಮೇಲಿನಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಏರಿರಬೇಕು. ಜೂಲು ಕೂದಲಿನ ನಾಯಿಯಲ್ಲಿ ಇದೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಮೊನ್ನೆ ಒಂದು ಗುಂಡುಗುಂಡಗೆ ಕಂಡ ನಾಯಿಗೆ ದೂರದಿಂದಲೇ 7 ಹಾಕಿದ್ದೆ. ಮೇಡಂ ಏನೂ ಹೇಳದೆ ನನ್ನ ಕೈ ಹಿಡಿದು ಅದರ ಕೂದಲೊಳಗೆ ಇಟ್ಟರು. ಪಕ್ಕೆಲುಬು ಒಂದೊಂದಾಗಿ ಎಣಿಸುವ ಹಾಗಿತ್ತು. ಸ್ಕೋರ್ 3.

ಬೆಕ್ಕಿನ ಕೆಳಹೊಟ್ಟೆಯಲ್ಲಿ ಜೋಲಾಡುವ ಚರ್ಮದ ಮಡಿಕೆ ಸಹಜವಾಗಿಯೇ ಇರುತ್ತದೆ. ಅದನ್ನು ನೋಡಿ ಅಂಕ ಏರಿಸಬೇಡಿ. ಇನ್ನೊಂದು: ಪಕ್ಕೆಲುಬು ಸುಲಭವಾಗಿ ಸಿಗುತ್ತಿದೆ, ಹೊಟ್ಟೆ ಮಾತ್ರ ಊದಿದೆ ಅಂದರೆ ಅದು ಬೊಜ್ಜಲ್ಲದೆ ಇರಬಹುದು. ನೀರು ತುಂಬಿರಬಹುದು, ಹುಳು ಇರಬಹುದು, ಹಾರ್ಮೋನಿನ ತೊಂದರೆ ಇರಬಹುದು. ಅಲ್ಲಿ ನಮ್ಮ ಲೆಕ್ಕ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು.

ಎಡವಿದ್ದು ಇಲ್ಲಿ

ನಿಯಮ ಹೇಳುವುದು ಇಷ್ಟೇ: 5ರ ಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇ 10ರಷ್ಟು ತೂಕ ಜಾಸ್ತಿ ಇದೆ ಅಂತ ಹಿಡಿಯಿರಿ. ಸ್ಕೋರ್ 8 ಅಂದರೆ ಶೇ 30 ಜಾಸ್ತಿ.

ನಾಯಿ 26 ಕೆಜಿ, ಸ್ಕೋರ್ 8. ಅದು ಎಷ್ಟು ತೂಕ ಇರಬೇಕಿತ್ತು? ನಾನು ಥಟ್ಟನೆ 26ರಲ್ಲಿ ಶೇ 30 ಕಳೆದೆ. ಶೇ 30 ಅಂದರೆ 7.8. ಉಳಿದದ್ದು 18.2 ಕೆಜಿ. ಧೈರ್ಯವಾಗಿ ಬರೆದೆ. ತಪ್ಪು ಅಂದರು. ಕ್ಯಾಲ್ಕುಲೇಟರ್ ಮೂರು ಸಲ ಒತ್ತಿದೆ, ಮೂರು ಸಲವೂ 18.2 ಬಂತು. ಲೆಕ್ಕ ತಪ್ಪಿರಲಿಲ್ಲ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೆ.

ಶೇ 30 ಜಾಸ್ತಿ, ಸರಿ. ಯಾವುದರ ಶೇ 30? ಈಗಿನ ತೂಕದ್ದಲ್ಲ. ಇರಬೇಕಾದ ತೂಕದ್ದು. ಅಂದರೆ ನಮಗಿನ್ನೂ ಗೊತ್ತಿಲ್ಲದ ತೂಕಕ್ಕೆ ಅದರದೇ ಶೇ 30 ಸೇರಿ 26 ಆಗಿದೆ. ಹಿಂದಕ್ಕೆ ಹೋಗಬೇಕಾದರೆ ಕಳೆಯಬಾರದು, ಭಾಗಿಸಬೇಕು. 26 ಭಾಗಿಸು 1.3. ಉತ್ತರ 20 ಕೆಜಿ.

ನಂಬಿಕೆ ಬರದಿದ್ದರೆ ತಾಳೆ ನೋಡಿ. 20ರ ಶೇ 30 ಅಂದರೆ 6. 20 ಕೂಡಿಸು 6, 26. ಸರಿಹೋಯಿತು. ಈಗ ನನ್ನ 18.2 ನೋಡಿ. ಅದರ ಶೇ 30 ಸುಮಾರು 5.5. ಕೂಡಿದರೆ 23.7. ತಕ್ಕಡಿ ಮೇಲೆ ನಿಂತಿರುವ ನಾಯಿ 26 ಅನ್ನುತ್ತಿದೆ. ಉಳಿದ 2.3 ಕೆಜಿ ಎಲ್ಲಿ ಹೋಯಿತು?

ಇನ್ನೂ ಚಿಕ್ಕ ಉದಾಹರಣೆ ಬೇಕಾದರೆ, 10ಕ್ಕೆ ಶೇ 50 ಸೇರಿಸಿ: 15. ಈಗ 15ರಿಂದ ಶೇ 50 ತೆಗೆಯಿರಿ: 7.5. ಹತ್ತುವಾಗ ಚಿಕ್ಕ ಸಂಖ್ಯೆಯ ಅರ್ಧ, ಇಳಿಯುವಾಗ ದೊಡ್ಡ ಸಂಖ್ಯೆಯ ಅರ್ಧ. ಇಷ್ಟು ಬರೆದ ಮೇಲೆ ನನ್ನ ತಲೆಗೆ ಹೋಯಿತು.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೇನೆ: ಸ್ಕೋರ್ 6 ಆದರೆ 1.1ರಿಂದ ಭಾಗಿಸು, 7 ಆದರೆ 1.2, 8 ಆದರೆ 1.3, 9 ಆದರೆ 1.4.

ಒಂದು ಪ್ರಶ್ನೆ ಕಾಡುತ್ತಿತ್ತು. ಇಷ್ಟು ದಿನ ಈ ತಪ್ಪು ನನಗೆ ಯಾಕೆ ಕಾಣಲಿಲ್ಲ? ಕೂತು ನೋಡಿದೆ. ಸ್ಕೋರ್ 6ರಲ್ಲಿ ಕಳೆಯುವ ದಾರಿ ಹಿಡಿದರೆ ಉತ್ತರ ಶೇ 1ರಷ್ಟು ಮಾತ್ರ ಕಡಿಮೆ ಬರುತ್ತದೆ. 7ರಲ್ಲಿ ಶೇ 4. 8ರಲ್ಲಿ ಶೇ 9. 9ರಲ್ಲಿ ಶೇ 16. ಒಂದು, ನಾಲ್ಕು, ಒಂಬತ್ತು, ಹದಿನಾರು! ವರ್ಗಸಂಖ್ಯೆಗಳು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಬೀಜಗಣಿತದ ಸೂತ್ರ, (a + b)(a − b) = a² − b², ನಾಯಿಯ ಹೊಟ್ಟೆಯೊಳಗೆ ಕೂತಿತ್ತು. ಪಾಠದಲ್ಲಿ ಕೊಟ್ಟ ಉದಾಹರಣೆಗಳೆಲ್ಲ ಸ್ಕೋರ್ 6ರವು, ಅದಕ್ಕೇ ನನ್ನ ಉತ್ತರ ಹೆಚ್ಚುಕಮ್ಮಿ ಸರಿ ಬರುತ್ತಿತ್ತು. ಪ್ರಾಣಿ ದಪ್ಪ ಆದಷ್ಟೂ ತಪ್ಪು ದೊಡ್ಡದಾಗುತ್ತದೆ. ಸ್ಕೋರ್ 9ರ ನಾಯಿಗೆ ಶೇ 16 ಕಡಿಮೆ ಗುರಿ ಇಟ್ಟರೆ, ಸರಿಯಾದ ತೂಕಕ್ಕೆ ಬಂದ ಮೇಲೂ ಅದನ್ನು ಇಳಿಸುತ್ತಲೇ ಇರುತ್ತೇವೆ.

ಎರಡು ಸಲ ರೂಟ್ ಒತ್ತಿ

ಇರಬೇಕಾದ ತೂಕ ಸಿಕ್ಕಿತು. ಈಗ ದಿನಕ್ಕೆ ಎಷ್ಟು ಕ್ಯಾಲರಿ? ಸುಮ್ನೆ ಮಲಗಿದ್ದರೂ ಉಸಿರಾಟಕ್ಕೆ, ಎದೆಬಡಿತಕ್ಕೆ, ಮೈ ಬಿಸಿಗೆ ಒಂದಿಷ್ಟು ಶಕ್ತಿ ಬೇಕು. ಅದಕ್ಕೆ ಆರ್‌ಇಆರ್ ಅನ್ನುತ್ತಾರೆ. ಸೂತ್ರ: ಕೆಜಿ ತೂಕದ 0.75 ಘಾತ, ಅದಕ್ಕೆ 70ರ ಗುಣಾಕಾರ.

ಘಾತ ಅಂದ ತಕ್ಷಣ ಕೆಲವರು 20ನ್ನು 0.75ರಿಂದ ಗುಣಿಸಿಬಿಡುತ್ತಾರೆ. 15 ಬರುತ್ತದೆ, 70ರಿಂದ ಗುಣಿಸಿದರೆ 1050. ಅಷ್ಟು ಹಾಕಿದರೆ ನಾಯಿಯ ತೂಕ ಇಳಿಯುವುದು ಕಷ್ಟ.

ಸಾದಾ ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಇರುವುದಿಲ್ಲ, ವರ್ಗಮೂಲದ್ದು ಇರುತ್ತದೆ. ಅದು ಸಾಕು. ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದದ್ದು ಈ ಉಪಾಯ. ತೂಕವನ್ನು ಮೂರು ಸಲ ಗುಣಿಸಿ, ರೂಟ್ ಒತ್ತಿ, ಮತ್ತೆ ರೂಟ್ ಒತ್ತಿ, 70ರಿಂದ ಗುಣಿಸಿ.

20 × 20 × 20 = 8000. ರೂಟ್: 89.44. ಮತ್ತೆ ರೂಟ್: 9.457. ಅದು × 70 = 662 ಕಿಲೋಕ್ಯಾಲರಿ.

0.75 ಅಂದರೆ ನಾಲ್ಕರಲ್ಲಿ ಮೂರು. ಆ ಮೂರಕ್ಕಾಗಿ ಮೂರು ಸಲ ಗುಣಿಸಿದೆವು. ನಾಲ್ಕನೇ ಮೂಲಕ್ಕಾಗಿ ರೂಟ್ ಎರಡು ಸಲ ಒತ್ತಿದೆವು.

30ರಿಂದ ಗುಣಿಸಿ 70 ಕೂಡಿಸುವ ಇನ್ನೊಂದು ಅಡ್ಡದಾರಿಯೂ ಇದೆ. 20 ಕೆಜಿಗೆ 670 ಬರುತ್ತದೆ, ಹತ್ತಿರವೇ. ಆದರೆ 60 ಕೆಜಿಯ ದೊಡ್ಡ ನಾಯಿಗೆ ನಿಜವಾದ ಉತ್ತರ ಸುಮಾರು 1509, ಅಡ್ಡದಾರಿಯದು 1870. 1 ಕೆಜಿಯ ಮರಿಗೆ 70ರ ಬದಲು 100. ಸುಮಾರು 2ರಿಂದ 30 ಕೆಜಿವರೆಗೆ ಮಾತ್ರ ಇದನ್ನು ಬಳಸಿ. ನಾನಂತೂ ಬಳಸುವುದಿಲ್ಲ, ರೂಟ್ ಒತ್ತುವುದರಲ್ಲೇ ಖುಷಿ.

ತೂಕ ಎರಡರಷ್ಟಾದರೆ ಊಟವೂ ಎರಡರಷ್ಟು ಯಾಕಲ್ಲ? 10 ಕೆಜಿಗೆ 394, 20ಕ್ಕೆ 662. ಎರಡು ಪಟ್ಟಿಗಿಂತ ಸಾಕಷ್ಟು ಕಡಿಮೆ. ಮ್ಯಾಕ್ಸ್ ಕ್ಲೈಬರ್ ಅನ್ನುವ ವಿಜ್ಞಾನಿ 1932ರಲ್ಲಿ ಬೇರೆ ಬೇರೆ ಗಾತ್ರದ ಪ್ರಾಣಿಗಳ ಅಂಕಿಗಳನ್ನು ಒಟ್ಟಿಗಿಟ್ಟು ಈ ಮುಕ್ಕಾಲು ಘಾತವನ್ನು ತೋರಿಸಿದ. ದೊಡ್ಡ ಪ್ರಾಣಿಯ ಒಂದೊಂದು ಕೆಜಿಯೂ ಚಿಕ್ಕ ಪ್ರಾಣಿಯ ಒಂದೊಂದು ಕೆಜಿಗಿಂತ ಕಡಿಮೆ ಶಕ್ತಿ ಸುಡುತ್ತದೆ.

ಕ್ಯಾಲರಿಯಿಂದ ತಟ್ಟೆಗೆ

ಆರ್‌ಇಆರ್ ಅನ್ನು ಪ್ರಾಣಿಯ ಸ್ಥಿತಿಗೆ ತಕ್ಕಂತೆ ಗುಣಿಸಬೇಕು. ಸಂತಾನಹರಣ ಆದ, ಪೂರ್ತಿ ಬೆಳೆದ ನಾಯಿಗೆ 1.6, ಬೆಕ್ಕಿಗೆ 1.2. ನಾಲ್ಕು ತಿಂಗಳೊಳಗಿನ ನಾಯಿಮರಿಗೆ 3. ತೂಕ ಇಳಿಸಬೇಕಾದ ನಾಯಿಗೆ 1, ಬೆಕ್ಕಿಗೆ 0.8, ಅದೂ ಇರಬೇಕಾದ ತೂಕದ ಮೇಲೆ. ಇವೆಲ್ಲ ಶುರು ಮಾಡಲು ಒಂದು ಅಂದಾಜು. ಒಂದೇ ತೂಕದ ಎರಡು ನಾಯಿಗಳಿಗೆ ಬೇರೆ ಬೇರೆ ಊಟ ಬೇಕಾಗಬಹುದು. ಆಮೇಲೆ ತಕ್ಕಡಿ ಹೇಳಿದಂತೆ ಹೆಚ್ಚುಕಡಿಮೆ ಮಾಡುವುದು.

ನಮ್ಮ ನಾಯಿಗೆ 662. ಇದರಲ್ಲಿ ಬಿಸ್ಕತ್ತು, ಚೂರುಪಾರು ಎಲ್ಲ ಸೇರಿ ಶೇ 10 ದಾಟಬಾರದು. ಅದಕ್ಕೆ 66 ಬದಿಗಿಡಿ. ಉಳಿದದ್ದು 596. ಒಣ ಆಹಾರದ ಚೀಲದ ಮೇಲೆ ಕೆಜಿಗೆ 3600 ಕಿಲೋಕ್ಯಾಲರಿ ಅಂತ ಇದ್ದರೆ ಗ್ರಾಂಗೆ 3.6. ಭಾಗಿಸಿದರೆ ದಿನಕ್ಕೆ 165 ಗ್ರಾಂ ಚಿಲ್ಲರೆ.

ಗ್ರಾಂ ಅಂದರೆ ಗ್ರಾಂ. ಕಪ್ ಅಲ್ಲ. ನಾವು ಮೂವರು ಒಂದೇ ಕಪ್ಪಿನಲ್ಲಿ ‘ಒಂದು ಕಪ್’ ತುಂಬಿ ಅಡುಗೆಮನೆ ತಕ್ಕಡಿ ಮೇಲಿಟ್ಟೆವು. ಒಬ್ಬರದು ಅಂಚಿಗೆ ಸಮ, ನನ್ನದು ಸ್ವಲ್ಪ ಗೋಪುರ, ಇನ್ನೊಬ್ಬರು ಕುಲುಕಿ ಕುಲುಕಿ ತುಂಬಿದ್ದರು. ನಡುವಿನ ವ್ಯತ್ಯಾಸ ಒಂದು ಹಿಡಿ. ದಿನಕ್ಕೆ ಎರಡು ಸಲ ಹಾಗೆ ಹಾಕಿದರೆ ನಮ್ಮ ರೂಟು, ಘಾತ ಎಲ್ಲ ನೀರುಪಾಲು.

ಮಾಲೀಕರನ್ನು ‘ಎಷ್ಟು ಕೊಡ್ತೀರಿ’ ಅಂತ ಕೇಳಬೇಡಿ, ‘ಮನೆಯಲ್ಲಿ ಯಾರ್ಯಾರು ಕೊಡ್ತೀರಿ’ ಅಂತ ಕೇಳಿ. ಇದು ಮೇಡಂ ಕಲಿಸಿದ್ದು. ಮೊನ್ನೆ ಬಂದ ಅಮ್ಮ ‘ತುಂಬಾ ಕಮ್ಮಿ ಕೊಡ್ತೀವಿ ಮೇಡಂ’ ಅಂದರು. ಪಕ್ಕದಲ್ಲಿದ್ದ ಹುಡುಗ ನೆಲ ನೋಡುತ್ತಾ ‘ಅಜ್ಜಿನೂ ಕೊಡ್ತಾರೆ’ ಅಂದ. ನಾಯಿ ಬಾಲ ಆಡಿಸಿತು.

ಆಮೇಲೆ, ಈಗ ತಿನ್ನುತ್ತಿರುವ ಮಾಮೂಲಿ ಆಹಾರವನ್ನೇ ತೀರಾ ಕಡಿಮೆ ಮಾಡಿದರೆ ಕ್ಯಾಲರಿಯ ಜೊತೆ ಪ್ರೋಟೀನು, ವಿಟಮಿನ್ನು ಕೂಡ ಕಡಿಮೆಯಾಗುತ್ತವೆ. ತುಂಬಾ ಇಳಿಸಬೇಕಾದಾಗ ಡಾಕ್ಟರು ಬೇರೆ ಆಹಾರ ಬರೆದುಕೊಡುವುದು ಇದಕ್ಕೇ.

ಇಷ್ಟೆಲ್ಲ ಲೆಕ್ಕ ಬೇಕಾ ಅಂತ ಕೇಳುವವರಿಗೆ: 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಶೇ 25 ಕಡಿಮೆ ಊಟ. ಕಡಿಮೆ ತಿಂದ ಗುಂಪಿನ ನಡು ಆಯಸ್ಸು (ಅಂದರೆ ಗುಂಪಿನ ಅರ್ಧ ನಾಯಿಗಳು ದಾಟಿದ ವಯಸ್ಸು) 13 ವರ್ಷ, ಇನ್ನೊಂದು ಗುಂಪಿನದು 11.2.

ಬೆಕ್ಕಿನ ವಿಷಯದಲ್ಲಿ ಮಾತ್ರ

ಬೆಕ್ಕನ್ನು ಉಪವಾಸ ಕೆಡವಬೇಡಿ. ‘ಹಸಿವಾದರೆ ತಾನೇ ತಿನ್ನುತ್ತೆ’ ಅನ್ನುವ ಮಾತು ಬೆಕ್ಕಿಗೆ ಅಪಾಯ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ಸೇರಿ, ಲಿವರ್ ಕೆಲಸ ನಿಲ್ಲಿಸುವ ಮಟ್ಟಕ್ಕೆ ಹೋಗಬಹುದು. ಹೊಸ ಆಹಾರ ಮುಟ್ಟುತ್ತಿಲ್ಲ ಅಂದರೆ ಹಳೆಯದನ್ನೇ ಕೊಡಿ, ನಿಧಾನವಾಗಿ ಬೆರೆಸುತ್ತಾ ಹೋಗಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಉಳಿದದ್ದು ಚುಟುಕಾಗಿ

ನಾಯಿಗಾಗಲಿ ಬೆಕ್ಕಿಗಾಗಲಿ ಚಾಕೊಲೇಟ್, ಈರುಳ್ಳಿ, ಝೈಲಿಟಾಲ್ (ಸಕ್ಕರೆಯ ಬದಲು ಬಳಸುವ ವಸ್ತು) ಹಾಕಿದ ಸಿಹಿ ಬೇಡ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಕೂಡ ಬೇಡ. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಪ್ರಾಣಕ್ಕೆ ಬರಬಹುದು. ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟುವುದು ದಿನಾ ಕಂಡರೆ ತೋರಿಸಿ.

ಇಳಿಕೆ ವಾರಕ್ಕೆ ಶೇ 1ರಿಂದ 2 ಇದ್ದರೆ ಸಾಕು. 26 ಕೆಜಿ ನಾಯಿಗೆ ಅದು 260ರಿಂದ 520 ಗ್ರಾಂ. ಅಂದರೆ 6 ಕೆಜಿ ಇಳಿಯಲು ಮೂರು ತಿಂಗಳಿಗೆ ಕಡಿಮೆಯಿಲ್ಲ. ಪ್ರತಿ ಸಲ ಒಂದೇ ತಕ್ಕಡಿ ಬಳಸಿ.

ಮಾಡಿ ನೋಡಿ

ನಾಯಿ 36 ಕೆಜಿ, ಸ್ಕೋರ್ 7, ತೂಕ ಇಳಿಸಬೇಕು. ಬಿಸ್ಕತ್ತಿಗೆ ಶೇ 10 ಬಿಡಿ. ಆಹಾರ ಗ್ರಾಂಗೆ 3.5 ಕಿಲೋಕ್ಯಾಲರಿ. ದಿನಕ್ಕೆ ಎಷ್ಟು ಗ್ರಾಂ?

231 ಬಂದರೆ ಸರಿ. 224 ಬಂದಿದ್ದರೆ ಭಾಗಿಸುವ ಬದಲು ಶೇಕಡಾ ಕಳೆದಿದ್ದೀರಿ, ನನ್ನ ಹಾಗೆ. 265ರ ಹತ್ತಿರ ಬಂದಿದ್ದರೆ ಇರಬೇಕಾದ ತೂಕ ಬಿಟ್ಟು ಈಗಿನ ತೂಕವನ್ನೇ ಹಾಕಿದ್ದೀರಿ.